ಜೋಳಿಗೆ ಹಿಡಿದು ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಮಹರ್ಷಿ ಕರ್ವೆ

ಭಾರತದ ಉನ್ನತ ಶಿಕ್ಷಣದ ಇತಿಹಾಸದಲ್ಲಿ 1916 ಒಂದು ವಿಶೇಷ ವರ್ಷ. ಅಲ್ಲಿಯವರೆಗೆ ಬ್ರಿಟಿಷ್ ಇಂಡಿಯಾದಲ್ಲಿ ಇದ್ದದ್ದು ಕಲ್ಕತ್ತ, ಮುಂಬಯಿ, ಮದರಾಸು, ಪಂಜಾಬ್ ಮತ್ತು ಅಲಹಾಬಾದ್ ಎಂಬ ಐದೇ ವಿಶ್ವವಿದ್ಯಾಲಯಗಳು. ಆ ಒಂದೇ ವರ್ಷದಲ್ಲಿ ಇನ್ನೂ ಮೂರು ಸೇರಿಕೊಂಡವು. ಫೆಬ್ರುವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ವೈಸರಾಯ್ ಲಾರ್ಡ್ ಹಾರ್ಡಿಂಜ್ ಅಡಿಗಲ್ಲು ಇರಿಸಿದರು. ಅದರ ಬೆನ್ನಿಗೆ ರಾಜಮಹಾರಾಜರ ಖಜಾನೆಗಳಿದ್ದವು, ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದಕ್ಕೆ ಸಂಸ್ಥಾನದ ಬೊಕ್ಕಸವೇ ಆಧಾರ. ಮೂರನೆಯದು ಪುಣೆಯಲ್ಲಿ ಆರಂಭಗೊಂಡ ಭಾರತದ ಮೊದಲ ಮಹಿಳಾ ವಿಶ್ವವಿದ್ಯಾಲಯ. ಅದಕ್ಕೆ ಮಹಾರಾಜರಿರಲಿಲ್ಲ, ಸರ್ಕಾರದ ಶಾಸನವಿರಲಿಲ್ಲ, ಭವ್ಯ ಕಟ್ಟಡವಂತೂ ಇರಲೇ ಇಲ್ಲ. ಇದ್ದದ್ದು ಕೆಲಸದಿಂದ ನಿವೃತ್ತರಾಗಿದ್ದ ಗಣಿತದ ಮೇಷ್ಟ್ರು ಒಬ್ಬರು ಮತ್ತು ಅವರ ಕೈಯಲ್ಲಿನ ಚಂದಾ ಪುಸ್ತಕ.

ಅವರು ಧೋಂಡೋ ಕೇಶವ ಕರ್ವೆ. ಮುಂದೆ ನಾಡೆಲ್ಲ ಮಹರ್ಷಿ ಎಂದು ಕರೆದದ್ದು ಅವರನ್ನೇ. ನಮ್ಮ ಶಾಲಾ ಪಠ್ಯಗಳಲ್ಲಿ ಕರ್ವೆಯವರ ಹೆಸರು ವಿಧವಾ ವಿವಾಹದ ಪ್ರಸಂಗದಲ್ಲಿ ಬಂದು ಮರೆಯಾಗುತ್ತದೆ. ಜನಸಾಮಾನ್ಯರ ಹಣದಿಂದ ವಿಶ್ವವಿದ್ಯಾಲಯವೊಂದನ್ನು ನಡೆಸಬಹುದು ಎಂದು ತೋರಿಸಿದವರು ಎಂಬ ಕಾರಣಕ್ಕೆ ಅವರನ್ನು ನೆನೆಯುವುದು ಕಡಿಮೆ. ಅವರ ನೂರನಾಲ್ಕು ವರ್ಷಗಳ ಬದುಕಿನ ಬಹುಪಾಲು ಕಳೆದದ್ದು ಮಾತ್ರ ಈ ಕೆಲಸದಲ್ಲಿಯೇ.

ಸಾತಾರಕ್ಕೆ ಕಾಲ್ನಡಿಗೆ

ಕರ್ವೆ ಜನಿಸಿದ್ದು 1858ರ ಏಪ್ರಿಲ್ 18ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಶೇರವಲಿಯಲ್ಲಿ. ಬೆಳೆದದ್ದು ಅದೇ ಜಿಲ್ಲೆಯ ಕಡಲತಡಿಯ ಮುರುಡ್ ಎಂಬ ಹಳ್ಳಿಯಲ್ಲಿ. ಚಿತ್ಪಾವನ ಬ್ರಾಹ್ಮಣ ಕುಟುಂಬ, ಒಂದು ಕಾಲದಲ್ಲಿ ಅನುಕೂಲವಿದ್ದು ಅನಂತರ ಬಡತನಕ್ಕಿಳಿದ ಮನೆತನ. ಊರಿನ ಶಾಲೆಯಲ್ಲಿ ಸೋಮಣ್ ಎಂಬ ಗುರುಗಳಿದ್ದರು. ಪಾಠದ ಜತೆಗೆ ಊರಿನ ಕೆಲಸಕ್ಕೆ ಹೆಗಲು ಕೊಡುವ ಅಭ್ಯಾಸವನ್ನೂ ಅವರು ಹುಡುಗರಿಗೆ ಹಚ್ಚಿದರು. ಕರ್ವೆಯವರ ಸಾರ್ವಜನಿಕ ಬದುಕಿನ ಬೇರು ಇರುವುದು ಅಲ್ಲಿ.

1875ರಲ್ಲಿ ಆರನೆಯ ಇಯತ್ತೆಯ ಸಾರ್ವಜನಿಕ ಪರೀಕ್ಷೆಗೆಂದು ಅವರು ಕೆಲವು ಗೆಳೆಯರೊಂದಿಗೆ ಸಾತಾರಕ್ಕೆ ಹೊರಟರು. ಮಳೆಗಾಲ. ನೂರಕ್ಕೂ ಹೆಚ್ಚು ಮೈಲಿಗಳ ಹಾದಿ. ಸಹ್ಯಾದ್ರಿಯ ಘಟ್ಟವನ್ನು ನಡೆದೇ ಹತ್ತಬೇಕು. ಹಾಗೂ ಹೀಗೂ ಊರು ಮುಟ್ಟಿದರೆ, ಪರೀಕ್ಷಾ ಸಮಿತಿಯವರು ಅವರ ಸಣಕಲು ದೇಹವನ್ನು ಕಂಡು ಈ ಹುಡುಗನಿಗೆ ಹದಿನೇಳು ತುಂಬಿದೆ ಎಂಬುದನ್ನು ನಂಬಲಿಲ್ಲ, ಪರೀಕ್ಷೆಗೆ ಕೂರಿಸಲೂ ಇಲ್ಲ. ಬಂದ ದಾರಿಯಲ್ಲೇ ಮರಳಬೇಕಾಯಿತು. ಮರುವರ್ಷ ಕೊಲ್ಹಾಪುರದಲ್ಲಿ ಅದೇ ಪರೀಕ್ಷೆ ಬರೆದು ತೇರ್ಗಡೆಯಾದರು. ನಿರಾಕರಣೆಯನ್ನು ನುಂಗಿಕೊಂಡು ಮತ್ತೆ ಬಾಗಿಲು ತಟ್ಟುವ ಈ ಗುಣ ಮುಂದೆ ದಾನಿಗಳ ಮನೆ ಬಾಗಿಲಲ್ಲಿ ಅವರಿಗೆ ಬಹಳ ಉಪಯೋಗಕ್ಕೆ ಬಂತು.

ಮುಂಬಯಿಗೆ ಬಂದು ಮೆಟ್ರಿಕ್ ಮುಗಿಸಿ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತವನ್ನು ಓದಿ 1884ರಲ್ಲಿ ಬಿ.ಎ. ಪದವಿ ಪಡೆದಾಗ ಅವರಿಗೆ 26 ವರ್ಷ. ಆ ವೇಳೆಗಾಗಲೇ ಅವರು ಗೃಹಸ್ಥರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು, ವಧು ರಾಧಾಬಾಯಿಗೆ ಆಗ ಎಂಟು. ಮನೆಪಾಠ, ಹೆಣ್ಣುಮಕ್ಕಳ ಪ್ರೌಢಶಾಲೆಗಳಲ್ಲಿ ಅರೆಕಾಲಿಕ ಬೋಧನೆ ಎಂದು ದಿನವಿಡೀ ಓಡಾಡಿ ಸಂಸಾರ ತೂಗಿಸುತ್ತಿದ್ದರು.

ಈ ದಿನಗಳಲ್ಲಿಯೇ ಅವರ ಮೊದಲ ನಿಧಿ ಹುಟ್ಟಿತು. ಮುಂಬಯಿಯಲ್ಲಿ ನೆಲೆಸಿದ್ದ ಮುರುಡ್ ಮೂಲದವರನ್ನು ಸೇರಿಸಿ, ಪ್ರತಿಯೊಬ್ಬರೂ ತಮ್ಮ ಆದಾಯದಲ್ಲಿ ಚಿಕ್ಕ ಪಾಲೊಂದನ್ನು ಊರಿಗಾಗಿ ತೆಗೆದಿಡುವಂತೆ ಮಾಡಿದರು. ಮುರುಡ್ ಫಂಡ್ ಎಂಬ ಈ ನಿಧಿಯಿಂದ ಊರಿನ ಶಾಲೆಗೂ ಇತರ ಕೆಲಸಗಳಿಗೂ ಹಣ ಹೋಯಿತು. ಮೊತ್ತ ದೊಡ್ಡದೇನಲ್ಲ. ಆದರೆ ಕರ್ವೆಯವರ ಮುಂದಿನ ಎಲ್ಲ ಸಂಸ್ಥೆಗಳ ಲೆಕ್ಕಪತ್ರ ಇದೇ ತತ್ವದ ಮೇಲೆ ನಿಂತಿತು: ಒಬ್ಬನಿಂದ ಬಹಳ ಕೇಳುವುದಕ್ಕಿಂತ ಬಹಳ ಜನರಿಂದ ಸ್ವಲ್ಪ ಕೇಳುವುದು, ಕೇಳುವ ಮೊದಲು ತನ್ನ ಪಾಲನ್ನು ಇಡುವುದು.

1891 ಅವರ ಬದುಕಿನ ತಿರುವು. ಆ ವರ್ಷ ರಾಧಾಬಾಯಿ ತೀರಿಕೊಂಡರು. ಅದೇ ವರ್ಷ ಗೋಪಾಲಕೃಷ್ಣ ಗೋಖಲೆಯವರ ಆಹ್ವಾನದ ಮೇರೆಗೆ ಕರ್ವೆ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಗಣಿತದ ಪ್ರಾಧ್ಯಾಪಕರಾಗಿ ಬಂದರು. ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರೆಂದರೆ ಸಂಬಳ ಕಡಿಮೆ, ಸೇವೆ ದೀರ್ಘ. 1914ರವರೆಗೆ ಅವರು ಅಲ್ಲಿ ಪಾಠ ಹೇಳಿದರು. ಕನ್ನಡನಾಡಿನ ಉತ್ತರದ ಜಿಲ್ಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಆ ಕಾಲದಲ್ಲಿ ನಮ್ಮ ಆಲೂರ ವೆಂಕಟರಾಯರೂ ಅವರ ನಂತರ ದ.ರಾ. ಬೇಂದ್ರೆಯವರೂ ಪದವಿಗೆಂದು ಹೋದದ್ದು ಇದೇ ಕಾಲೇಜಿಗೆ.

ಮದುವೆ ಮತ್ತು ಬಹಿಷ್ಕಾರ

ವಿಧುರರಾದ ಕರ್ವೆಯವರಿಗೆ ಕನ್ಯೆ ಕೊಡುವವರ ಕೊರತೆಯೇನೂ ಇರಲಿಲ್ಲ. ಮೂವತ್ತು ದಾಟಿದ ವಿಧುರನಿಗೆ ಹತ್ತು ಹನ್ನೆರಡರ ಹುಡುಗಿಯನ್ನು ಧಾರೆಯೆರೆಯುವುದು ಆಗ ಸಹಜ ಸಂಗತಿ. ಅದೇ ಮನೆಯಲ್ಲಿ ಎಂಟು ವರ್ಷಕ್ಕೆ ವಿಧವೆಯಾದ ಮಗಳು ತಲೆ ಬೋಳಿಸಿಕೊಂಡು ಮೂಲೆ ಹಿಡಿಯುವುದೂ ಅಷ್ಟೇ ಸಹಜ ಸಂಗತಿಯಾಗಿತ್ತು. ಕರ್ವೆ ವಿಧವೆಯನ್ನೇ ವಿವಾಹವಾಗುವುದಾಗಿ ನಿರ್ಧರಿಸಿದರು. ಮುಂಬಯಿಯಲ್ಲಿ ಅವರೊಂದಿಗೆ ವಾಸವಾಗಿದ್ದ ಗೆಳೆಯ ನರಹರಪಂತ ಜೋಶಿಯವರ ತಂಗಿ ಗೋದೂಬಾಯಿ ಎಂಟನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಪಂಡಿತಾ ರಮಾಬಾಯಿಯವರ ಶಾರದಾ ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. 1893ರ ಮಾರ್ಚ್ 11ರಂದು ಪುಣೆಯಲ್ಲಿ ವಿವಾಹ ನೆರವೇರಿತು. ಗೋದೂಬಾಯಿ ಆನಂದಿಬಾಯಿಯಾದರು. ಆಪ್ತರ ಬಾಯಲ್ಲಿ ಅವರು ಬಾಯಾ.

ಮುರುಡ್ ಗ್ರಾಮ ಸಭೆ ಸೇರಿ ಬಹಿಷ್ಕಾರ ಹಾಕಿತು. ಕರ್ವೆ ದಂಪತಿಗಳೊಂದಿಗೆ ಕುಳಿತು ಮಾತನಾಡಿದವರಿಗೂ ಅದೇ ಶಿಕ್ಷೆ. ವೃದ್ಧ ತಾಯಿ ಮಗನನ್ನು ಮನೆಯೊಳಗೆ ಕರೆಯುವಂತಿಲ್ಲ, ಮಗ ಊರಿಗೆ ಬಂದರೆ ದನದ ಕೊಟ್ಟಿಗೆಯೇ ಗತಿ. ಯಾವ ಊರಿಗಾಗಿ ಅವರು ಪೈಸೆ ಪೈಸೆ ಕೂಡಿಸಿದ್ದರೋ ಅದೇ ಊರು ಅವರನ್ನು ಹೊರಗಿಟ್ಟಿತು. ಆದರೂ ಅವರು ಊರಿನೊಡನೆ ಜಗಳಕ್ಕೆ ನಿಲ್ಲಲಿಲ್ಲ. ಊರಿನ ಮೇಲಿನ ಮಮತೆಯನ್ನೂ ಬಿಡಲಿಲ್ಲ.

ಅದೇ ವರ್ಷ ಅವರು ವಿಧವಾ ವಿವಾಹವನ್ನು ಪ್ರೋತ್ಸಾಹಿಸುವ ಮಂಡಳಿಯೊಂದನ್ನು ಸ್ಥಾಪಿಸಿದರು. ಅದಕ್ಕೆ ಜನಬೆಂಬಲ ಸಿಗಲಿಲ್ಲ. ಮದುವೆಗೆ ಮೊದಲು ವಿದ್ಯೆ ಬೇಕು, ಸ್ವಂತ ಕಾಲ ಮೇಲೆ ನಿಂತ ಹೆಣ್ಣು ತನಗೆ ಬೇಕಾದುದನ್ನು ತಾನೇ ನಿರ್ಧರಿಸಿಕೊಳ್ಳುತ್ತಾಳೆ ಎಂಬ ತಿಳಿವಳಿಕೆಗೆ ಅವರು ಬಂದದ್ದು ಆ ಸೋಲಿನ ನಂತರ. 1896ರಲ್ಲಿ ಪುಣೆಯಲ್ಲಿ ಅನಾಥ ಬಾಲಿಕಾಶ್ರಮ ಆರಂಭವಾಯಿತು. ಅಧ್ಯಕ್ಷರು ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಂಡಾರ್ಕರ್. ಮೊದಲ ದೇಣಿಗೆ ಕರ್ವೆಯವರದೇ, ಅವರ ಉಳಿತಾಯದ 1,000 ರೂಪಾಯಿ.

ಇಲ್ಲಿಯೇ ಕರ್ವೆಯವರ ಬದುಕಿನ ಅತ್ಯಂತ ಕಠಿಣ ಪ್ರಶ್ನೆ ಎದುರಾಯಿತು. ವಿಧವಾ ವಿವಾಹ ಮಾಡಿಕೊಂಡವನ ಆಶ್ರಮಕ್ಕೆ ಸನಾತನಿಗಳು ತಮ್ಮ ವಿಧವೆ ಹೆಣ್ಣುಮಕ್ಕಳನ್ನು ಕಳಿಸುವುದು ಹೇಗೆ, ಹಣ ಕೊಡುವುದು ಹೇಗೆ? ಆಶ್ರಮದಲ್ಲಿ ಶಿಕ್ಷಣ ಮಾತ್ರ, ಮರುವಿವಾಹದ ಪ್ರಚಾರ ಇಲ್ಲ ಎಂಬ ಕಟ್ಟುಪಾಡನ್ನು ಅವರು ಒಪ್ಪಿಕೊಂಡರು. ವಿವಾಹ ಮಂಡಳಿಯ ಕೆಲಸದಿಂದ ತಾವೇ ಹಿಂದೆ ಸರಿದರು. ಸುಧಾರಕರು ಇದನ್ನು ಹೇಡಿತನವೆಂದರು, ಸನಾತನಿಗಳು ಕಪಟವೆಂದರು. ಎರಡೂ ಕಡೆಯ ಟೀಕೆಯಲ್ಲಿ ತುಸು ಸತ್ಯಾಂಶವಿತ್ತು ಎನ್ನಬೇಕು. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆ ಸಾರ್ವಜನಿಕರ ಮನಸ್ಸಿಗಿಂತ ಬಹಳ ಮುಂದೆ ಹೋಗಲಾರದು, ತೀರ ಹಿಂದೆ ಉಳಿದರೆ ಅದಕ್ಕೆ ಅರ್ಥವಿರುವುದಿಲ್ಲ. ಈ ಎರಡರ ನಡುವೆ ಎಷ್ಟು ದೂರ ಹೋಗಬಹುದು ಎಂಬ ಲೆಕ್ಕವನ್ನು ಗಣಿತದ ಪ್ರಾಧ್ಯಾಪಕರು ಜೀವನವಿಡೀ ಹಾಕುತ್ತಲೇ ಇದ್ದರು.

ಹಿಂಗಣೆಯ ಗುಡಿಸಲು

ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಆಶ್ರಮವನ್ನು ನಗರದಿಂದ ಹೊರಗೆ ಒಯ್ಯಬೇಕಾಯಿತು. ಸುಮಾರು ನಾಲ್ಕು ಮೈಲಿ ದೂರದ ಹಿಂಗಣೆ ಎಂಬಲ್ಲಿ ದಾನಿಯೊಬ್ಬರು ಕೊಟ್ಟ ಜಮೀನಿನಲ್ಲಿ 1900ರಲ್ಲಿ ಒಂದು ಗುಡಿಸಲು ಎದ್ದಿತು. ಅದರಲ್ಲಿಯೇ ತರಗತಿ, ಅದರಲ್ಲಿಯೇ ವಸತಿ. ಕರ್ವೆ ಹಗಲು ಕಾಲೇಜಿನ ಪಾಠ ಮುಗಿಸಿ, ನಗರದಲ್ಲಿ ಆಶ್ರಮಕ್ಕೆ ಬೇಕಾದ ಸಾಮಾನು ಕೊಂಡು, ಅದನ್ನು ಹೊತ್ತುಕೊಂಡು ಕೆಸರಿನ ಹಾದಿಯಲ್ಲಿ ನಡೆದು ಬರುತ್ತಿದ್ದರು. ಬೇಸಿಗೆಯ ಹಾಗೂ ದೀಪಾವಳಿಯ ರಜೆ ಬಂದರೆ ಚಂದಾ ಪ್ರವಾಸ. ಊರೂರಿಗೆ ಹೋಗಿ, ಪರಿಚಯದವರ ಮನೆಯಲ್ಲಿ ಇಳಿದು, ಮನೆಮನೆಯ ಬಾಗಿಲು ತಟ್ಟುವುದು.

ಅವರು ವಾಗ್ಮಿಗಳಲ್ಲ. ಸಭೆಯನ್ನು ಗೆಲ್ಲುವ ಕಂಠವಾಗಲಿ ನಿಲುವಾಗಲಿ ಅವರಿಗಿರಲಿಲ್ಲ. ತೆಳ್ಳನೆಯ ದೇಹ, ಮೃದು ಮಾತು, ಸಂಕೋಚದ ಸ್ವಭಾವ. ಆದರೂ ಜನ ಕೊಟ್ಟರು. ಕೊಟ್ಟ ಹಣದ ಪೈಸೆ ಪೈಸೆಗೂ ಲೆಕ್ಕವಿರುತ್ತಿತ್ತು, ಕೇಳುವವನು ತನ್ನ ಮನೆಗೆ ಏನನ್ನೂ ಒಯ್ಯುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಷ್ಟಕ್ಕೂ ಮನೆಯಲ್ಲಿ ಉಳಿದದ್ದಾದರೂ ಏನು? ತಮ್ಮ 5,000 ರೂಪಾಯಿಯ ಜೀವವಿಮಾ ಪಾಲಿಸಿಯನ್ನೂ ಅವರು ಆಶ್ರಮಕ್ಕೆ ಒಪ್ಪಿಸಿದರು. ಹೆಂಡತಿ ಮಕ್ಕಳ ಪಾಲಿನ ಆಪದ್ಧನ ಅದೊಂದೇ ಆಗಿತ್ತು.

ಈ ತ್ಯಾಗದ ಕಥೆಯನ್ನು ಹೇಳುವಾಗ ಆನಂದಿಬಾಯಿಯವರ ಪಾಲನ್ನು ಮರೆಯುವುದು ರೂಢಿ. ಸೂಲಗಿತ್ತಿಯ ತರಬೇತಿ ಪಡೆದು ಸಂಪಾದಿಸಿ ಮನೆಯನ್ನು ನಡೆಸಿದವರು ಅವರು. ಗಂಡ ಊರಿನ ಹೆಣ್ಣುಮಕ್ಕಳ ಬಗ್ಗೆ ಚಿಂತಿಸುತ್ತ ಸ್ವಂತ ಸಂಸಾರವನ್ನು ಮರೆತ ಬಗ್ಗೆ ಆಕೆಗೆ ಅಸಮಾಧಾನವಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ. ಮಾಝೇ ಪುರಾಣ ಎಂಬ ಅವರ ಮರಾಠಿ ಆತ್ಮಕಥೆ, ಕರ್ವೆಯವರ ಮೇಲಿನ ಸ್ತುತಿ ಗ್ರಂಥಗಳ ನಡುವೆ ಓದಲೇಬೇಕಾದ ಪುಸ್ತಕ. ಮಹಾಪುರುಷರ ಪತ್ನಿಯರು ಪುಸ್ತಕ ಬರೆದರೆ ಚರಿತ್ರೆಗೆ ಇನ್ನೊಂದು ಮಗ್ಗುಲು ಸಿಗುತ್ತದೆ.

ಆನಂದಿಬಾಯಿಯವರ ತಂಗಿ ಪಾರ್ವತಿಬಾಯಿ ಆಠವಲೆಯವರದು ಇನ್ನೂ ದೊಡ್ಡ ಸಾಹಸ. ಅವರೂ ವಿಧವೆ. ಆಶ್ರಮಕ್ಕೆ ಬಂದು ಓದು ಕಲಿತು, ಆಶ್ರಮಕ್ಕಾಗಿಯೇ ಊರೂರು ಅಲೆದು ಭಾಷಣ ಮಾಡಿ ಹಣ ಸಂಗ್ರಹಿಸುವುದರಲ್ಲಿ ಕರ್ವೆಯವರಿಗಿಂತಲೂ ನಿಪುಣರಾದರು. 1918ರಲ್ಲಿ ಅವರು ಇಂಗ್ಲಿಷ್ ಕಲಿಯಲು ಮತ್ತು ನಿಧಿ ಸಂಗ್ರಹಿಸಲು ಅಮೆರಿಕಕ್ಕೇ ಹೊರಟರು. ಕೈಯಲ್ಲಿ ಹಣವಿಲ್ಲದೆ ಅಲ್ಲಿನ ಮನೆಗಳಲ್ಲಿ ಕೆಲಸದಾಕೆಯಾಗಿ ದುಡಿದು ಎರಡು ವರ್ಷ ಕಳೆದರು. ಐವತ್ತರ ಆಸುಪಾಸಿನ ಬ್ರಾಹ್ಮಣ ವಿಧವೆಯೊಬ್ಬರು, ಅದೂ ಮಹಾಯುದ್ಧದ ಕಾಲದಲ್ಲಿ!

ಹಣ ಸಂಗ್ರಹದ ಇನ್ನೊಂದು ದಾರಿಯೂ ಹಿಂಗಣೆಯಲ್ಲಿ ರೂಪುಗೊಂಡಿತು. ಮಹಾರಾಷ್ಟ್ರದಲ್ಲಿ ದೀಪಾವಳಿಯ ಯಮದ್ವಿತೀಯೆಯಂದು ಭಾವುಬೀಜ್ ಆಚರಿಸುತ್ತಾರೆ. ಅಂದು ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಉಡುಗೊರೆ ಕೊಡುತ್ತಾರೆ. ಸ್ವಂತ ಅಣ್ಣತಮ್ಮಂದಿರು ಕೈಬಿಟ್ಟ ಹೆಣ್ಣುಮಕ್ಕಳಿಗೆ ಆ ದಿನ ಊರಿನವರೆಲ್ಲ ಅಣ್ಣತಮ್ಮಂದಿರಾಗಲಿ ಎಂದು ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ತೆರಳಿ ಭಾವುಬೀಜ್ ನಿಧಿ ಕೂಡಿಸತೊಡಗಿದರು. ಒಂದಾಣೆ, ಎರಡಾಣೆ ಯಾವುದಾದರೂ ಸರಿ. ಭಿಕ್ಷೆಯನ್ನು ಬಾಂಧವ್ಯವಾಗಿ ಮಾರ್ಪಡಿಸಿದ ಈ ಉಪಾಯಕ್ಕೆ ಇಂದಿನ ದೇಣಿಗೆ ಅಭಿಯಾನಗಳ ಯಾವ ಜಾಹೀರಾತು ತಂತ್ರವೂ ಸಾಟಿಯಾಗಲಾರದು.

ಜಪಾನಿನ ಕಿರುಪುಸ್ತಿಕೆ

ಆಶ್ರಮದ ಜತೆಗೆ 1907ರಲ್ಲಿ ಮಹಿಳಾ ವಿದ್ಯಾಲಯ ಸೇರಿತು. ವಿಧವೆಯರಿಗೆ ಮಾತ್ರವಲ್ಲ, ಎಲ್ಲ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶ. ಮರುವರ್ಷ ಈ ಸಂಸ್ಥೆಗಳಿಗೆ ಆಜೀವ ಕಾರ್ಯಕರ್ತರನ್ನು ಒದಗಿಸಲು ನಿಷ್ಕಾಮ ಕರ್ಮ ಮಠ ಎಂಬ ಸಂಘ ಹುಟ್ಟಿತು. ಅಷ್ಟಕ್ಕೇ ನಿಂತಿದ್ದರೂ ಕರ್ವೆಯವರ ಹೆಸರು ಉಳಿಯುತ್ತಿತ್ತು.

ಈ ನಡುವೆ ಬನಾರಸಿನ ಶಿವಪ್ರಸಾದ ಗುಪ್ತರು ಜಪಾನ್ ಪ್ರವಾಸದಲ್ಲಿದ್ದಾಗ ಟೋಕಿಯೊದ ಮಹಿಳಾ ವಿಶ್ವವಿದ್ಯಾಲಯದ ಕುರಿತ ಕಿರುಪುಸ್ತಿಕೆಯೊಂದನ್ನು ಕರ್ವೆಯವರಿಗೆ ಕಳಿಸಿಕೊಟ್ಟಿದ್ದರು. ಅದನ್ನು ಅವರು ತೆಗೆದು ಬದಿಗಿಟ್ಟಿದ್ದರು. 1915ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೇರಲಿದ್ದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿಗೆ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ಅಧ್ಯಕ್ಷ ಭಾಷಣಕ್ಕೆ ವಿಷಯ ಹುಡುಕುತ್ತಿದ್ದಾಗ ಪುಸ್ತಿಕೆ ಮತ್ತೆ ಕೈಗೆ ಬಂತು. 1901ರಲ್ಲಿ ಆರಂಭವಾದ ಆ ಸಂಸ್ಥೆ ಹೆಣ್ಣುಮಕ್ಕಳಿಗೆ ಅವರ ನುಡಿಯಲ್ಲಿಯೇ ಉನ್ನತ ಶಿಕ್ಷಣ ನೀಡುತ್ತಿತ್ತು. ಭಾರತದಲ್ಲೇಕೆ ಆಗಬಾರದು ಎಂಬ ಪ್ರಶ್ನೆಯನ್ನು ಪರಿಷತ್ತಿನ ಮುಂದಿಟ್ಟ ಕರ್ವೆ, ಉತ್ತರಕ್ಕಾಗಿ ಕಾಯದೆ ಕೆಲಸಕ್ಕಿಳಿದರು. ಆಗ ಅವರಿಗೆ 57 ವರ್ಷ.

1916ರ ಜೂನ್‌ನಲ್ಲಿ ವಿಶ್ವವಿದ್ಯಾಲಯದ ಸೆನೆಟ್ ಮೊದಲ ಬಾರಿಗೆ ಸಭೆ ಸೇರಿತು. ಭಂಡಾರ್ಕರ್ ಕುಲಾಧಿಪತಿ. ಕೇಂಬ್ರಿಜ್‌ನಲ್ಲಿ ಸೀನಿಯರ್ ರ‍್ಯಾಂಗ್ಲರ್ ಆಗಿ ಹೆಸರು ಮಾಡಿದ್ದ ರಘುನಾಥ ಪುರುಷೋತ್ತಮ ಪರಾಂಜಪೆ ಕುಲಪತಿ. ಇವರು ಕರ್ವೆಯವರ ಬಂಧು, ಅವರ ಆಶ್ರಯದಲ್ಲಿಯೇ ಓದಿದವರು. ಆಡಳಿತದ ರಚನೆಯಲ್ಲಿ ಒಂದು ವಿಶೇಷವಿತ್ತು. ವರ್ಷಕ್ಕೆ ಅಲ್ಪ ಮೊತ್ತದ ಚಂದಾ ಕೊಡಲು ಒಪ್ಪಿದವರು ವಿಶ್ವವಿದ್ಯಾಲಯದ ಮತದಾರರಾಗುತ್ತಿದ್ದರು, ಸೆನೆಟ್ ಸದಸ್ಯರನ್ನು ಆರಿಸುವ ಹಕ್ಕು ಅವರಿಗಿತ್ತು. ಸರ್ಕಾರ ನಾಮಕರಣ ಮಾಡಿದ ಸದಸ್ಯರೇ ತುಂಬಿರುತ್ತಿದ್ದ ಆ ಕಾಲದ ವಿಶ್ವವಿದ್ಯಾಲಯಗಳ ನಡುವೆ ಇದು ಅಪೂರ್ವ. ಹಣ ಕೊಟ್ಟವನಿಗೆ ಸಂಸ್ಥೆಯಲ್ಲಿ ಧ್ವನಿಯೂ ಇರಬೇಕು ಎಂಬುದನ್ನು ಇಲ್ಲಿ ನಿಯಮವಾಗಿಯೇ ಬರೆದಿಟ್ಟಿದ್ದರು.

ಬೋಧನೆ ಮಾತೃಭಾಷೆಯಲ್ಲಿ, ಇಂಗ್ಲಿಷ್ ಕಡ್ಡಾಯ ವಿಷಯ. ಈ ಎರಡನೆಯ ನಿಯಮ ಗಾಂಧೀಜಿಯವರಿಗೆ ಒಪ್ಪಿಗೆಯಾಗಲಿಲ್ಲ, ಇಂಗ್ಲಿಷ್ ಐಚ್ಛಿಕವಾಗಿರಲಿ ಎಂಬುದು ಅವರ ನಿಲುವು. ಕರ್ವೆ ಮಣಿಯಲಿಲ್ಲ. ಮತಭೇದವನ್ನು ಉಳಿಸಿಕೊಂಡೇ ಗಾಂಧೀಜಿ ಬೆಂಬಲ ನೀಡಿದರು. ಇನ್ನೊಂದು ಕಡೆಯಿಂದ ಬೇರೆಯೇ ಆಕ್ಷೇಪ ಕೇಳಿಬಂತು: ಗೃಹವಿಜ್ಞಾನ, ಆರೋಗ್ಯಶಾಸ್ತ್ರಗಳಿಗೆ ಒತ್ತು ಕೊಟ್ಟ ಪ್ರತ್ಯೇಕ ಪಠ್ಯಕ್ರಮ ಹೆಣ್ಣುಮಕ್ಕಳನ್ನು ಎರಡನೆಯ ದರ್ಜೆಯ ಪದವಿಗೆ ಕಟ್ಟಿಹಾಕುವುದಿಲ್ಲವೇ ಎಂಬುದು. ಪುರುಷರಷ್ಟೇ ಓದಬಲ್ಲ ಹೆಣ್ಣುಮಕ್ಕಳಿಗೆ ಮುಂಬಯಿ ವಿಶ್ವವಿದ್ಯಾಲಯದ ಬಾಗಿಲು ಹೇಗೂ ತೆರೆದಿದೆ, ಅಲ್ಲಿಗೆ ಹೋಗಲಾಗದ ಸಾವಿರಾರು ಮಂದಿಗಾಗಿ ಇದು ಎಂಬುದು ಕರ್ವೆಯವರ ಸಮಾಧಾನ. ಹೆಣ್ಣಿನ ಕಾರ್ಯಕ್ಷೇತ್ರ ಮನೆ ಎಂಬ ಕಾಲದ ನಂಬಿಕೆಯಿಂದ ಅವರು ಪೂರ್ಣವಾಗಿ ಹೊರಬಂದಿರಲಿಲ್ಲ ಎಂಬುದನ್ನು ಮಾತ್ರ ಅಲ್ಲಗಳೆಯಲಾಗದು.

ನಿಜವಾದ ಸಂಕಟ ಬೇರೆಯಿತ್ತು. ಸರ್ಕಾರದ ಮನ್ನಣೆ ಇಲ್ಲದ ಪದವಿ. ಅದನ್ನು ಹಿಡಿದು ಸರ್ಕಾರಿ ಕೆಲಸ ಕೇಳುವಂತಿಲ್ಲ, ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದೆ ಓದುವಂತಿಲ್ಲ. ಮೊದಲ ವರ್ಷಗಳಲ್ಲಿ ಕಾಲೇಜಿಗೆ ಬಂದವರು ಬೆರಳೆಣಿಕೆಯ ಹುಡುಗಿಯರು. ಪುಣೆಯ ಕುಚೋದ್ಯಗಾರರಿಗೆ ಇಷ್ಟು ಸಾಕಾಗಿತ್ತು. ಕರ್ವೆ ಜೋಳಿಗೆ ಹಿಡಿದು ದೇಶ ಸುತ್ತಿದರು. ದೊಡ್ಡ ದಾನಿಗಳು ಸಿಗದಿದ್ದಾಗ ಐದು ಹತ್ತು ರೂಪಾಯಿಗಳನ್ನು ಕೂಡಿಸಿದರು. ಈ ಬಗೆಯ ಸಂಗ್ರಹದಿಂದ ಒಂದು ಶಾಲೆಯನ್ನು ನಡೆಸಬಹುದು, ವಿಶ್ವವಿದ್ಯಾಲಯವನ್ನು ಎಷ್ಟು ವರ್ಷ ನಡೆಸಬಹುದು ಎಂಬ ಅನುಮಾನ ಹಿತೈಷಿಗಳಲ್ಲೂ ಇತ್ತು.

15 ಲಕ್ಷದ ದಾನ

ಉತ್ತರ 1920ರಲ್ಲಿ ಬಂತು. ಮುಂಬಯಿಯ ಗಿರಣಿ ಮಾಲೀಕ ಸರ್ ವಿಠ್ಠಲದಾಸ ಠಾಕರ್ಸಿ 15 ಲಕ್ಷ ರೂಪಾಯಿಗಳ ದಾನವನ್ನು ಪ್ರಕಟಿಸಿದರು. ಸರ್ಕಾರಿ ಸಾಲಪತ್ರಗಳ ರೂಪದ ಈ ನಿಧಿಯಿಂದ ಶೇಕಡಾ ಮೂರೂವರೆ ಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ 52,500 ರೂಪಾಯಿ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತಿತ್ತು. ಆ ಕಾಲಕ್ಕೆ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಒಬ್ಬ ವ್ಯಕ್ತಿ ಕೊಟ್ಟ ಇಷ್ಟು ದೊಡ್ಡ ಮೊತ್ತ ಕಂಡುಕೇಳರಿಯದ್ದು.

ದಾನದ ಜತೆ ಷರತ್ತುಗಳೂ ಬಂದವು. ವಿಶ್ವವಿದ್ಯಾಲಯ ದಾನಿಯ ತಾಯಿಯ ಹೆಸರನ್ನು ಧರಿಸಬೇಕು. ಕೇಂದ್ರ ಕಾಲಕ್ರಮೇಣ ಮುಂಬಯಿಗೆ ಬರಬೇಕು. ಹೀಗೆ ಭಾರತೀಯ ಮಹಿಳಾ ವಿಶ್ವವಿದ್ಯಾಲಯ ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸಿ ವಿಶ್ವವಿದ್ಯಾಲಯವಾಯಿತು. ಇಂದು ಎಸ್‌ಎನ್‌ಡಿಟಿ ಎಂದು ಕರೆಯುವವರಲ್ಲಿ ಎಷ್ಟು ಮಂದಿಗೆ ಆ ಅಕ್ಷರಗಳ ಹಿಂದಿರುವ ತಾಯಿಯ ಹೆಸರು ಗೊತ್ತಿದೆಯೋ. ಪೈಸೆ ಪೈಸೆ ಕೊಟ್ಟ ಸಾವಿರಾರು ಜನರ ಹೆಸರು ಫಲಕದಲ್ಲಿಲ್ಲ, ಒಬ್ಬರ ಹೆಸರಿದೆ ಎಂದು ಕೊಂಕು ನುಡಿಯುವುದು ಸುಲಭ. ಆದರೆ ಆ ಸಾವಿರಾರು ಜನರ ಚಂದಾ ನಾಲ್ಕು ವರ್ಷ ಸಂಸ್ಥೆಯ ಉಸಿರು ಹಿಡಿದಿರದಿದ್ದರೆ ಠಾಕರ್ಸಿಯವರು ಕಾಣಲು ಹಿಂಗಣೆಯಲ್ಲಿ ಏನೂ ಇರುತ್ತಿರಲಿಲ್ಲ. ಕರ್ವೆಯವರಂತೂ ಹೆಸರಿನ ಬಗ್ಗೆ ಚೌಕಾಶಿ ಮಾಡುವ ಜಾಯಮಾನದವರಾಗಿರಲಿಲ್ಲ. ತಮ್ಮ ಹೆಸರನ್ನು ಯಾವುದಕ್ಕೂ ಇಡಿಸಿಕೊಳ್ಳಲಿಲ್ಲ. ದಾನಿ ವಿಠ್ಠಲದಾಸರು 1922ರಲ್ಲಿ ಐವತ್ತು ತುಂಬುವ ಮೊದಲೇ ನಿಧನರಾದರು. ಪತ್ನಿ ಪ್ರೇಮಲೀಲಾ ಠಾಕರ್ಸಿ ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದರು.

ಇಷ್ಟು ಹಣ ಬಂದ ಮೇಲೆ ಕರ್ವೆ ವಿಶ್ರಮಿಸಬಹುದಿತ್ತು. ಅವರು ವಿಶ್ರಮಿಸಲಿಲ್ಲ. ದೊಡ್ಡ ದಾನವೊಂದು ಬಂದ ಮೇಲೆ ಚಿಕ್ಕ ದಾನಿಗಳು ಕೈ ಹಿಂದೆಗೆಯುವುದು ಎಲ್ಲ ಸಂಸ್ಥೆಗಳ ಅನುಭವ. 1929ರ ಮಾರ್ಚ್‌ನಲ್ಲಿ, 71ರ ಹೊಸ್ತಿಲಲ್ಲಿ, ಅವರು ವಿಶ್ವ ಪ್ರವಾಸಕ್ಕೆ ಹೊರಟರು. ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಭಾರತದ ಸ್ತ್ರೀಶಿಕ್ಷಣ ಕುರಿತು ಮಾತನಾಡಿದರು, ಜಿನೀವಾದ ಶಿಕ್ಷಣ ಸಮಾವೇಶದಲ್ಲಿ, ಡೆನ್ಮಾರ್ಕಿನ ಎಲ್ಸಿನೋರ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಪಾಲ್ಗೊಂಡರು. ಬರ್ಲಿನ್‌ನಲ್ಲಿ ಆಲ್ಬರ್ಟ್ ಐನ್‌ಸ್ಟೈನ್‌ರನ್ನು ಭೇಟಿ ಮಾಡಿದರು. ಅಮೆರಿಕದಲ್ಲಿ ತಿಂಗಳುಗಟ್ಟಲೆ ಸಂಚರಿಸಿ, ಮರಳುವ ದಾರಿಯಲ್ಲಿ ಜಪಾನಿಗೆ ಹೋಗಿ, ಕಿರುಪುಸ್ತಿಕೆಯಲ್ಲಿ ಮಾತ್ರ ಕಂಡಿದ್ದ ಟೋಕಿಯೊದ ಮಹಿಳಾ ವಿಶ್ವವಿದ್ಯಾಲಯವನ್ನು ಕಣ್ಣಾರೆ ನೋಡಿದರು. 1930ರ ಏಪ್ರಿಲ್‌ನಲ್ಲಿ ದೇಶಕ್ಕೆ ಮರಳಿದರು.

ಮನೆಯಲ್ಲಿ ಕುಳಿತದ್ದು ಎಂಟೇ ತಿಂಗಳು. ಡಿಸೆಂಬರಿನಲ್ಲಿ ಆಫ್ರಿಕಾ ಪ್ರಯಾಣ. ಮೊಂಬಾಸಾ, ಉಗಾಂಡ, ಟಾಂಗನ್ಯಿಕಾ, ಜಂಜಿಬಾರ್, ಪೋರ್ಚುಗೀಸ್ ಪೂರ್ವ ಆಫ್ರಿಕಾ, ದಕ್ಷಿಣ ಆಫ್ರಿಕಾ ಎಂದು ಹದಿನೈದು ತಿಂಗಳ ಸುತ್ತಾಟ. ಯುರೋಪ್ ಅಮೆರಿಕಗಳಲ್ಲಿ ಅವರ ಮುಂದೆ ಇದ್ದವರು ವಿದ್ವಾಂಸರು. ಆಫ್ರಿಕಾದಲ್ಲಿ ಇದ್ದವರು ಭಾರತೀಯ ವರ್ತಕರು, ಗುಮಾಸ್ತರು, ರೈಲ್ವೆ ನೌಕರರು. ತವರಿನ ಹೆಣ್ಣುಮಕ್ಕಳ ಓದಿಗೆ ನೆರವಾಗಿ ಎಂದು ಅನಿವಾಸಿಗಳ ಮುಂದೆ ಕೈಚಾಚುವ ಪದ್ಧತಿ ಇಂದು ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇದೆ, ಅದಕ್ಕೊಂದು ಪ್ರತ್ಯೇಕ ವಿಭಾಗವೇ ಇರುತ್ತದೆ. ಕರ್ವೆಯವರ ಕಾಲದಲ್ಲಿ ಆ ವಿಭಾಗವೆಂದರೆ ಹಡಗಿನಲ್ಲಿ ಹೊರಟ ಒಬ್ಬ ವೃದ್ಧರು.

ಮನ್ನಣೆಗೆ 35 ವರ್ಷ

1936ರಲ್ಲಿ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಪುಣೆಯಿಂದ ಮುಂಬಯಿಗೆ ಸ್ಥಳಾಂತರಗೊಂಡಿತು. ಅದೇ ವರ್ಷ ಕರ್ವೆಯವರ ಇಂಗ್ಲಿಷ್ ಆತ್ಮಕಥೆ ಲುಕಿಂಗ್ ಬ್ಯಾಕ್ ಪ್ರಕಟವಾಯಿತು. ಹಿಂತಿರುಗಿ ನೋಡುವ ಪುಸ್ತಕ ಬರೆದವರು ಸುಮ್ಮನಿರಬೇಕಿತ್ತು. ಅವರು 78ನೆಯ ವಯಸ್ಸಿನಲ್ಲಿ ಮಹಾರಾಷ್ಟ್ರ ಗ್ರಾಮ ಪ್ರಾಥಮಿಕ ಶಿಕ್ಷಣ ಮಂಡಳಿ ಎಂಬ ಹೊಸ ಸಂಸ್ಥೆಯನ್ನು ಸ್ಥಾಪಿಸಿ, ಶಾಲೆಯಿಲ್ಲದ ಹಳ್ಳಿಗಳಲ್ಲಿ ಶಾಲೆ ತೆರೆಯಲು ಮತ್ತೆ ಚಂದಾ ಪುಸ್ತಕ ಹಿಡಿದರು. ಜಾತಿಭೇದ ನಿರ್ಮೂಲನೆಗಾಗಿ 1944ರಲ್ಲಿ ಸಮತಾ ಸಂಘವನ್ನು ಕಟ್ಟಿದರು. ಆಗ ಅವರಿಗೆ 86. ಬ್ರಾಹ್ಮಣ ವಿಧವೆಯರಿಂದ ಆರಂಭವಾದ ಕೆಲಸ ಎಲ್ಲ ಜಾತಿಗಳ ಸಮತೆಯ ಪ್ರಶ್ನೆಗೆ ಬಂದು ಮುಟ್ಟಲು ಅರ್ಧ ಶತಮಾನ ಹಿಡಿಯಿತು. ತಡವಾಯಿತು ಎನ್ನುವವರಿದ್ದಾರೆ.

ಅವರ ಹಿರಿಯ ಮಗ ರಘುನಾಥ ಕರ್ವೆ ತಂದೆಗಿಂತ ಅವಸರದ ಮನುಷ್ಯ. ಗಣಿತದ ಪ್ರಾಧ್ಯಾಪಕರಾಗಿದ್ದ ಅವರು ಸಂತಾನ ನಿಯಂತ್ರಣದ ಪರವಾಗಿ ಬಹಿರಂಗವಾಗಿ ಪ್ರಚಾರಕ್ಕಿಳಿದು 1925ರಲ್ಲಿ ಕೆಲಸವನ್ನೇ ಕಳೆದುಕೊಂಡರು, ಸಮಾಜ ಸ್ವಾಸ್ಥ್ಯ ಎಂಬ ಪತ್ರಿಕೆಯನ್ನು ಕೊನೆಯವರೆಗೂ ಒಂಟಿಯಾಗಿ ನಡೆಸಿದರು. ಜನರೊಡನೆ ಹೆಜ್ಜೆ ಹಾಕಿದ ತಂದೆಗೆ ವಿಶ್ವವಿದ್ಯಾಲಯ ಒಲಿಯಿತು, ಜನರನ್ನು ಲೆಕ್ಕಿಸದ ಮಗನಿಗೆ ಮೊಕದ್ದಮೆಗಳು ಒಲಿದವು. ಇನ್ನೊಬ್ಬ ಮಗ ದಿನಕರರ ಪತ್ನಿ ಇರಾವತಿ ಕರ್ವೆ ದೇಶದ ಅಗ್ರಗಣ್ಯ ಮಾನವಶಾಸ್ತ್ರಜ್ಞೆ.

ಮಹಿಳಾ ವಿಶ್ವವಿದ್ಯಾಲಯಕ್ಕೆ ಶಾಸನಬದ್ಧ ಮನ್ನಣೆ ದೊರೆತದ್ದು ಸ್ವಾತಂತ್ರ್ಯ ಬಂದ ನಂತರ. 1949ರಲ್ಲಿ ಮುಂಬಯಿ ಶಾಸಕಾಂಗ ಕಾಯಿದೆ ಅಂಗೀಕರಿಸಿತು, 1951ರಲ್ಲಿ ಅದು ಜಾರಿಗೆ ಬಂತು. ಅಲ್ಲಿಯವರೆಗೆ 35 ವರ್ಷ ಸರ್ಕಾರದ ಮುದ್ರೆಯಿಲ್ಲದ ಪದವಿಯನ್ನು ನಂಬಿ ಹೆಣ್ಣುಮಕ್ಕಳನ್ನು ಕಳಿಸಿದ ತಂದೆತಾಯಿಗಳು, ಆ ಪದವಿಯನ್ನು ನಂಬಿ ಓದಿದ ಹೆಣ್ಣುಮಕ್ಕಳು ಕೊಟ್ಟದ್ದನ್ನು ಯಾವ ರಸೀತಿ ಪುಸ್ತಕದಲ್ಲಿ ಬರೆಯುವುದು? ಮನ್ನಣೆಯ ಸುದ್ದಿ ಜಾರಿಯಾಗುವುದನ್ನು ಕಾಣಲು ಆನಂದಿಬಾಯಿ ಇರಲಿಲ್ಲ. ಅವರು 1950ರಲ್ಲಿ ತೀರಿಕೊಂಡಿದ್ದರು.

ಕೊನೆಯ ದಶಕದಲ್ಲಿ ಗೌರವಗಳು ಒಂದರ ಮೇಲೊಂದರಂತೆ ಬಂದವು. 1955ರಲ್ಲಿ ಪದ್ಮವಿಭೂಷಣ, 1958ರಲ್ಲಿ ಭಾರತರತ್ನ. ಅವರಿಗೆ ನೂರು ತುಂಬಿದ ಆ 1958ರಲ್ಲಿಯೇ ಅಂಚೆ ಇಲಾಖೆ ಅವರ ಚಿತ್ರವಿರುವ ಚೀಟಿಯನ್ನು ಹೊರತಂದಿತು. ಬದುಕಿರುವ ವ್ಯಕ್ತಿಗೆ ಸ್ವತಂತ್ರ ಭಾರತದಲ್ಲಿ ಇಂಥ ಗೌರವ ಸಂದದ್ದು ಅದೇ ಮೊದಲು. ಮುಂಬಯಿಯ ಬ್ರೇಬೋರ್ನ್ ಕ್ರೀಡಾಂಗಣದಲ್ಲಿ ನಡೆದ ಶತಮಾನೋತ್ಸವಕ್ಕೆ ಪ್ರಧಾನಿ ನೆಹರೂ ಬಂದಿದ್ದರು. 1962ರ ನವೆಂಬರ್ 9ರಂದು ಕರ್ವೆ ಪುಣೆಯಲ್ಲಿ ಕೊನೆಯುಸಿರೆಳೆದರು.

ಕರ್ನಾಟಕಕ್ಕೆ ತನ್ನದೇ ಮಹಿಳಾ ವಿಶ್ವವಿದ್ಯಾಲಯ ಬಂದದ್ದು ಪುಣೆಯ ಪ್ರಯೋಗದ 87 ವರ್ಷಗಳ ನಂತರ, 2003ರಲ್ಲಿ, ಒಂದು ಕಾಲಕ್ಕೆ ಅದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಯಪುರದಲ್ಲಿ. ಅದಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಡಲಾಯಿತು. ಹಿಂಗಣೆಯ ಸಂಸ್ಥೆ ಈಗ ಮಹರ್ಷಿ ಕರ್ವೆ ಸ್ತ್ರೀ ಶಿಕ್ಷಣ ಸಂಸ್ಥೆಯಾಗಿದೆ. ಸುತ್ತಲಿನ ಬಡಾವಣೆಯ ಹೆಸರು ಕರ್ವೆನಗರ.